ಸುಟ್ಟ ಮೂಲೆಯ ಕೆಳಗೆ ಮೂರನೆಯ ಗರಿ

ಲಿಂಬೆಹುಲ್ಲಿನ ಎಣ್ಣೆಯ ವಾಸನೆ ಬೆರಳಿಗೆ ಹತ್ತಿದರೆ ಊಟದ ತಟ್ಟೆಯವರೆಗೂ ಬಿಡುವುದಿಲ್ಲ, ಶಿವಕಾಂತಾ ಹತ್ತಿಯುಂಡೆ ಅದ್ದಿ ತಾಳೆಗರಿ ಒರೆಸುತ್ತಾಳೆ, ಗರಿಯ ನಡುವಿನ ತೂತು ಖಾಲಿ, ದಾರವಿಲ್ಲ, ಮೊನ್ನೆಯವರೆಗೆ ಇತ್ತು, ನೂರ ಹದಿನೆಂಟು ಗರಿಗಳನ್ನು ಹಿಡಿದುಕೊಂಡಿದ್ದ ಒಂದೇ ದಾರ — ಕತ್ತರಿಸಿದ್ದು ರಾಜೀವ ಸರ್, ಈ ಹಸ್ತಪ್ರತಿ ಭಂಡಾರದ ಮುಖ್ಯಸ್ಥರು, ದೋರಾ ಜುನಾ ಝಾಲಾ ಹೋತಾ, ದಾರ ಹಳೆಯದಾಗಿತ್ತಂತೆ, ಗರಿಗಳನ್ನು ಉದ್ದದ ಪ್ರಕಾರ ಜೋಡಿಸಿದರಂತೆ, ಫೋಟೋದಲ್ಲಿ ಚೆಂದ ಕಾಣಲೆಂದು, ಥೂ, ಬಂದ ಕಟ್ಟು ಬಂದ ಹಾಗೆಯೇ ಇರಬೇಕು ಎಂದು ತರಬೇತಿಯ ಮೊದಲ ದಿನ ಬೋರ್ಡಿನ ಮೇಲೆ ಬರೆದವರು ಇವರೇ ಅಲ್ಲವೇ, ಕನ್ನಡದ ಒಂದಕ್ಷರ ಬಾರದ ಮನುಷ್ಯ, ನಿನ್ನೆ ಅವಳು ರಜೆ ಹಾಕಿದ್ದೇ ತಪ್ಪಾಯಿತೇ, ಒಂದು ಫೋನು ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಮೂರು ತಲೆಮಾರಿನ ವೈದ್ಯರು ಬರೆದದ್ದು, ಪ್ರತಿಯೊಬ್ಬನೂ ಮತ್ತೆ ಒಂದರಿಂದ ಎಣಿಸಿದವನೇ, ಅಂಕಿಯಿದ್ದ ಅಂಚನ್ನು ಹುಳು ತಿಂದಿದೆ, ಕ್ರಮ ಉಳಿದದ್ದು ದಾರದಲ್ಲಿ ಮಾತ್ರ.

ಭೀಮವ್ವ ಇವತ್ತೇ ಬರಬೇಕಿತ್ತೇ, ಸಾಸವಡದಿಂದ ಪುಣೆಗೆ ಬಸ್ಸಿನಲ್ಲಿ ನಿಂತುಕೊಂಡು, ಕಟ್ಟು ಕೊಟ್ಟ ಮನೆಯ ಹಿರಿಯಳು, ಕೊಟ್ಟ ದಿನ ಇದೇ ಮೇಜಿನ ಮೇಲೆ ಕೈಯಿಟ್ಟು ಹೇಳಿದ್ದಳು, ನನಗ ಓದಾಕ ಬರೂದಿಲ್ಲವ್ವ, ಸುಟ್ಟ ಮೂಲಿ ಗರಿ ಅದ ನೋಡು, ಅದರ ಕೆಳಗ ಮೂರನೇದು, ಅದನ್ನ ಓದೇ ನಮ್ಮ ಮಾವ ನನ್ನ ಕೂಸಿನ ಜೀವ ಉಳಿಸಿದ್ದು, ವರ್ಷಕ್ಕೊಮ್ಮೆ ಬಂದು ಮುಟ್ಟಿ ಹೋಗ್ತೀನಿ, ಬ್ಯಾಡ ಅನ್ನಬ್ಯಾಡ — ಇಲ್ರಿ, ಹೆಂಗ ಕೊಟ್ಟೀರಿ ಹಂಗೇ ಇರ್ತದ, ಎಂದು ಮಾತು ಕೊಟ್ಟವಳು ಶಿವಕಾಂತಾ, ಈಗ ಮುದುಕಿ ಎದುರಿಗೇ ಕೂತಿದ್ದಾಳೆ, ಮಕ್ಕಳ ಮದ್ದಿನ ಗರಿಗಳೇ ನಲವತ್ತಿವೆ, ಅದರಲ್ಲಿ ಯಾವುದು, ಯಾರನ್ನು ಕೇಳುವುದು, ಸತ್ತ ಮಾವನನ್ನೇ, ರಾಜೀವ ಸರ್ ಬಾಗಿಲಲ್ಲಿ ನಗುತ್ತ ನಿಂತಿದ್ದಾರೆ, ಆಜೀ, ಛಾನ್ ಠೇವಲಂಯ್ ನಾ, ಚೆನ್ನಾಗಿ ಇಟ್ಟಿದ್ದಾರಂತೆ, ಆ ನಗುವಿನ ಮೇಲೆ ಈ ಎಣ್ಣೆಯ ಬಾಟಲಿ ಸುರಿಯಬೇಕು, ಭೀಮವ್ವನ ಬೆರಳು ಸುಟ್ಟ ಮೂಲೆಯನ್ನು ತಡವಿ ಹಿಡಿಯುತ್ತದೆ, ಒಂದು, ಎರಡು, ಮೂರು, ಇದೇ ಹೌದಲ್ಲವ್ವ, ಗರಿಯ ಮೇಲೆ ಎತ್ತಿನ ಹೆಗಲಿನ ಹುಣ್ಣಿಗೆ ಲೇಪ ಎಂದಿದೆ, ಹೇಳು ಶಿವಕಾಂತಾ, ಸರ್ ಎದುರಿಗೇ ಹೇಳಿಬಿಡು — ಹೌದ್ರಿ, ಅದೇ, ಎಂದದ್ದು ಅವಳದೇ ಬಾಯಿ, ಆ ಬಾಯಿಗೆ ಬೆಂಕಿ ಬೀಳಲಿ, ಮುದುಕಿ ಎತ್ತಿನ ಮದ್ದನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ಗರಿಯ ನಡುವೆ ಆ ತೂತು, ತೂತಿನಾಚೆ ಒಂದು ಒದ್ದೆ ಕಣ್ಣು, ದಾರವಿಲ್ಲದ ತೂತು, ಆ ತೂತು —