ರಕ್ತ ಕಂಡ ಬೆಳ್ಳಿ ಬೆರಳು

ನಾನು ಒಂದು ಬೆಳ್ಳಿಯ ಕಡ್ಡಿ. ತುದಿಯಲ್ಲಿ ಪುಟ್ಟ ಮುಷ್ಟಿ, ಅದರಿಂದ ಚಾಚಿದ ಒಂದೇ ಬೆರಳು. ಯಹೂದಿಗಳು ತಮ್ಮ ಧರ್ಮಗ್ರಂಥದ ಸುರುಳಿಯನ್ನು ಓದುವಾಗ ಬರಿಗೈಯಿಂದ ಮುಟ್ಟುವುದಿಲ್ಲ. ನಾನು ಅಕ್ಷರಗಳ ಮೇಲೆ ಸಾಗುತ್ತೇನೆ, ಅವರು ಓದುತ್ತಾರೆ. ಜರ್ಮನಿಯ ಅಕ್ಕಸಾಲಿಗ ಆನ್ಶೆಲ್ ನನ್ನನ್ನು ಬೆಂಕಿಗೊಡ್ಡಿ, ಬಡಿದು ಬಡಿದು ರೂಪಿಸಿದ. ಮುಂದೆ ಕಂಡದ್ದಕ್ಕೆ ಹೋಲಿಸಿದರೆ ಆ ಪೆಟ್ಟೆಲ್ಲ ಮುದ್ದು.

ನಾಜಿಗಳ ಕಾಲದಲ್ಲಿ ಗುಂಪೊಂದು ನಮ್ಮ ಪ್ರಾರ್ಥನಾ ಮಂದಿರಕ್ಕೆ ನುಗ್ಗಿತು. ನನ್ನನ್ನು ಹಿಡಿದು ಓದುತ್ತಿದ್ದ ಮುದುಕನನ್ನು ಗಡ್ಡ ಹಿಡಿದೆಳೆದು, ಮೆಟ್ಟಿಲ ಮೇಲೆ ಕೆಡವಿ, ಬೂಟುಗಾಲಿನಿಂದ ತುಳಿದು ಕೊಂದರು. ತುಳಿದವರಲ್ಲೊಬ್ಬ ನನ್ನನ್ನು ಜೇಬಿಗಿಳಿಸಿದ. ಸಾಯುವವರೆಗೂ ನನ್ನಿಂದ ತನ್ನ ಪೈಪಿನ ಬೂದಿ ಕೆರೆದ. ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅವನ ಮೊಮ್ಮಗಳು ನಾಚಿಕೆಪಟ್ಟು ನನ್ನನ್ನು ಹೊಸ ವಿದ್ಯಾಲಯವೊಂದಕ್ಕೆ ಒಪ್ಪಿಸಿದಳು. ಅಲ್ಲಿ ಉದಾರಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, ತಯಾರಾಗುತ್ತಾರೆ, ಹೆಂಗಸರೂ. ವಾದಕ್ಕಿಳಿದರೆ ಎಲ್ಲರೂ ಬೆರಳು ತೋರಿಸಿದರೆ ಹಸ್ತ ನುಂಗುವವರೇ. ತಿರ್ಜಾ ಎಂಬ ವಿದ್ಯಾರ್ಥಿನಿ ಮಾತ್ರ ಮಿತಭಾಷಿ. ನನ್ನನ್ನು ಹಿಡಿದು ಓದುವಾಗ ಅವಳು ಸಾಲು ತಪ್ಪುತ್ತಿದ್ದಳು. ದೀಕ್ಷೆಗೆ ಮೊದಲು ತುಂಬಿದ ಸಭೆಯಲ್ಲಿ ಅವಳು ಒಮ್ಮೆ ಸುರುಳಿಯನ್ನು ಓದಿ ಮುಗಿಸಬೇಕಿತ್ತು.

ಅದಕ್ಕೆ ಗೊತ್ತಾದ ಸಬ್ಬತ್ತಿನ, ಅಂದರೆ ಕೆಲಸ ನಿಷಿದ್ಧವಾದ ವಾರದ ವಿಶ್ರಾಂತಿ ದಿನದ, ಬೆಳಿಗ್ಗೆ ಓದು ಅರ್ಧಕ್ಕೆ ಬಂದಿತ್ತು. ಯಹೂದಿದ್ವೇಷಿಯೊಬ್ಬ ಚಾಕು ಹಿಡಿದು ನುಗ್ಗಿ, ಅವಳ ಪಕ್ಕದಲ್ಲಿದ್ದ ಗುರು ಲೆವಿನ್ ಅವರ ಭುಜಕ್ಕೆ ಇರಿದ. ಮತ್ತೆ ಚಾಕು ಎತ್ತಿದಾಗ ತಿರ್ಜಾ ನನ್ನನ್ನು ಅವನ ಕಣ್ಣಿಗೆ ಚುಚ್ಚಿದಳು. ಕಣ್ಣು ಒಡೆಯಿತು. ಬಿಸಿರಕ್ತ ನನ್ನ ಮುಷ್ಟಿಯವರೆಗೆ ಹರಿಯಿತು. ಮೆಟ್ಟಿಲ ಮೇಲೆ ಸತ್ತ ಆ ಮುದುಕನ ಸೇಡು ತೀರಿತೆಂದು ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಗುರುಗಳು ಬದುಕಿದರು. ಭುಜದ ಪಟ್ಟಿ ಬಿಚ್ಚುವ ಮೊದಲೇ ಬಂದು ನನ್ನನ್ನು ಅವಳ ಮುಂದಿಟ್ಟರು.

“ತೊಳೆದಿದ್ದೀನಮ್ಮ. ಇದನ್ನೇ ಹಿಡಿದು ಓದು ಮುಗಿಸು. ಜೀವ ಉಳಿಸೋಕೆ ಸಬ್ಬತ್ತಿನ ನಿಯಮಾನೇ ಮುರೀಬಹುದು ಅಂತ ನಾನೇ ಕಲಿಸಿಲ್ವಾ?”

“ಕಲಿಸಿದ್ದೀರಿ. ಕಬ್ಬಿಣ ಕೊಲ್ಲೋ ಆಯುಧವಾಗುತ್ತೆ, ಅದಕ್ಕೇ ದೇವರ ಬಲಿಪೀಠದ ಕಲ್ಲಿಗೆ ಅದು ತಾಗ್ಬಾರದು ಅಂತಾನೂ ಕಲಿಸಿದ್ದೀರಿ. ಇದು ತಪ್ಪು ಮಾಡ್ಲಿಲ್ಲ ಸಾರ್. ಆದ್ರೆ ಈಗ ಇದೂ ಒಂದು ಆಯುಧ.”

“ಹಾಗಾದ್ರೆ ನಿನ್ನ ಕೈ?”

ತಿರ್ಜಾ ತನ್ನ ಅಂಗೈಯನ್ನೇ ನೋಡಿಕೊಂಡಳು.

“ಅದು ಸುರುಳಿ ಮುಟ್ಟೋದೇ ಇಲ್ವಲ್ಲ.”

ಗುರುಗಳು ನನ್ನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಅವಳು ಮರದ ಕಡ್ಡಿ ಹಿಡಿದು ಓದು ಮುಗಿಸಿದಳು. ಒಂದು ಸಾಲೂ ತಪ್ಪಲಿಲ್ಲವಂತೆ.

ಈಗ ನಾನು ವಿದ್ಯಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಮೈ ಕಪ್ಪಿಟ್ಟಿದೆ, ಹಿಗ್ಗು ಎಂದೋ ಇಳಿದಿದೆ. ರಬ್ಬಿ ತಿರ್ಜಾ ಹೇಳಿದ್ದು ಸರಿ, ಒಪ್ಪುತ್ತೇನೆ. ಆದರೂ ಸಬ್ಬತ್ತಿನ ಬೆಳಿಗ್ಗೆ ಗೋಡೆಯಾಚೆಯಿಂದ ಅವಳ ದನಿ ಕೇಳಿಸುತ್ತದೆ. ಅವಳು ಯಾವ ಸಾಲಿನಲ್ಲಿದ್ದಾಳೆಂದು ನನಗೆ ಗೊತ್ತು.