ಆರನೇ ಬೆಡ್

ಪದ್ಮಾಬಾಯಿಗೆ ಉತ್ತರಕ್ಕೆ ತಲೆಯಿಟ್ಟು ನಿದ್ದೆ ಬರಲಿಲ್ಲ. ಮುಂಡರಗಿಯ ಆ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಎರಡು ಸಾಲು ಹಾಸಿಗೆ. ಒಂದರ ತಲೆದೆಸೆ ಉತ್ತರದ ಗೋಡೆಗೆ, ಇನ್ನೊಂದರದು ದಕ್ಷಿಣಕ್ಕೆ. ಎದುರು ಸಾಲಿನ ಆರನೇ ಹಾಸಿಗೆಯಲ್ಲಿ ಡಂಬಳದ ಉಡಚವ್ವ ಇದ್ದಳು.

‘ನನಗ ಯಾವ ದಿಕ್ಕಾದ್ರೇನ್ರಿ, ನಿದ್ದಿ ಬಂದ್ರ ಸಾಕು. ಬರ್ರಿ ಈ ಕಡೆ’ ಎಂದು ಅವಳು ಎದ್ದುಕೊಟ್ಟಳು. ಹಾಸಿಗೆ ಬದಲಾದದ್ದನ್ನು ನರ್ಸಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಆ ವಾರ್ಡಿಗೆ ಹೊಸಬಳಾಗಿ ಬಂದ ನರ್ಸ್ ನಸ್ರೀನ, ಹಿಂದಿನ ದಿನ ಡಾಕ್ಟರರು ಬರೆಸಿದ್ದ ಚೀಟಿ ನೋಡಿ ಆರನೇ ಹಾಸಿಗೆಯಲ್ಲಿದ್ದವಳಿಗೆ ಇನ್ಸುಲಿನ್ ಚುಚ್ಚಿದಳು. ಸಕ್ಕರೆ ಕಾಯಿಲೆ ಇದ್ದದ್ದು ಉಡಚವ್ವನಿಗೆ. ಪದ್ಮಾಬಾಯಿ ಬಂದದ್ದು ಜ್ವರಕ್ಕೆ.

‘ನನ್ನ ಸೂಜಿ ಎಲ್ಲೈತಿ ಯವ್ವಾ?’ ಎಂದು ಉಡಚವ್ವ ಕೇಳಿದಾಗಲೇ ಗೊತ್ತಾದದ್ದು. ನಸ್ರೀನ ಓಡಿಹೋಗಿ ಡಾಕ್ಟರ್ ಮುರ್ತುಜಾ ಅವರಿಗೆ ಹೇಳಿದಳು. ಪದ್ಮಾಬಾಯಿ ಬೆವತಳು, ನಡುಗಿದಳು. ಗ್ಲೂಕೋಸ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಎದ್ದು ಕುಳಿತು ಚಹಾ ಕೇಳಿದಳು.

ನಸ್ರೀನಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆ ಡಾಕ್ಟರರ ಕೋಣೆಯಲ್ಲಿ ಅವಳು ನಿಂತೇ ಇದ್ದಳು.

‘ಏನೂ ಆಗಿಲ್ಲಲ್ಲ. ತಪ್ಪು ಅಂತ ಯಾಕ ಅನ್ನಬೇಕು?’ ಎಂದರು ಆಸ್ಪತ್ರೆಯ ಮಾಲೀಕ ಡಾಕ್ಟರ್ ಶ್ರೀನಿವಾಸ. ನಸ್ರೀನಳಿಗೆ ಉಸಿರು ಬಂತು.

‘ಆಕಿ ಸತ್ತಿದ್ರ ತಪ್ಪು, ಚಾ ಕುಡಿದ್ಲು ಅಂದ್ರ ತಪ್ಪಲ್ಲ. ಇದ್ಯಾವ ನ್ಯಾಯರಿ?’ ಎಂದರು ಮುರ್ತುಜಾ.

‘ಹಂಗಾದ್ರ ಈಕೀನ್ನ ಮನಿಗೆ ಕಳಸೂಣು.’

ಉಸಿರು ಮತ್ತೆ ನಿಂತಿತು.

‘ನಿನ್ನಿ ರೌಂಡಿನಾಗ ನೀವು ಏನಂದ್ರಿ?’ ಎಂದು ಕೇಳಿದರು ಮುರ್ತುಜಾ. ‘ಆರನೇ ಬೆಡ್ಡಿಗೆ ಇನ್ಸುಲಿನ್ ಅಂದ್ರಿ. ನಾನೂ ಹಂಗ ಅಂತೀನಿ. ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಈಕಿ ನಾವು ಹೇಳಿದ್ದ ಮಾಡ್ಯಾಳ. ಮ್ಯಾಲ ತಾನ ಓಡಿಬಂದು ಹೇಳ್ಯಾಳ. ಕಳಸೂದಾದ್ರ ಮೂರೂ ಮಂದೀನ ಕಳಸ್ರಿ.’

ಶ್ರೀನಿವಾಸ ಕನ್ನಡಕ ತೆಗೆದು ಒರೆಸಿದರು.

‘ತಪ್ಪಂತೂ ಖರೆ’ ಎಂದರು ಕೊನೆಗೆ. ‘ನಮ್ಮೆಲ್ಲಾರದೂ ಐತಿ. ಪದ್ಮಾಬಾಯಿಯವರಿಗೆ ನಾನ ಹೋಗಿ ಹೇಳ್ತೀನಿ. ನೀ ಡ್ಯೂಟಿಗೆ ಹೋಗವಾ. ಇನ್ನ ಮುಂದ ಹೆಸರು ಕೇಳಿ ಚುಚ್ಚು.’

ಹೊರಗೆ ಬಂದ ನಸ್ರೀನ ಗೋಡೆಗೆ ಒರಗಿ ನೀರು ಕುಡಿದಳು. ಆಮೇಲೆ ಸೂಜಿ ಹಿಡಿದು ವಾರ್ಡಿಗೆ ಹೋದಳು.

‘ಯಮ್ಮಾ, ನಿಮ್ಮ ಹೆಸರೇನ್ರಿ?’

‘ಮುಂಜಾನೆ ನನ್ನ ಸೂಜಿ ಆಕೀಗೆ ಚುಚ್ಚಿ, ಈಗ ಹೆಸರು ಕೇಳ್ತಿಯೇನ?’

‘ಹೂನ್ರಿ. ಹೇಳ್ರಿ.’

‘ಉಡಚವ್ವ’ ಎಂದು ಮುದುಕಿ ತೋಳು ಚಾಚಿದಳು.