ಆರನೆಯ ಮೆಟ್ಟಿಲಿನ ಸಂದಿ

ಉಕ್ಕಿನ ಅಳತೆಪಟ್ಟಿ ಆರನೆಯ ಮೆಟ್ಟಿಲ ಸಂದಿಯೊಳಗೆ ಸಲೀಸಾಗಿ ಇಳಿಯಿತು. ಬಡಗಿ ಅದನ್ನು ಹೊರಗೆಳೆದು ಮತ್ತೆ ತೂರಿಸಿದ. ಎರಡನೆಯ ಸಲಕ್ಕೆ ಸಂದಿಯೇನೂ ಚಿಕ್ಕದಾಗಲಿಲ್ಲ.

"ಏನೋ, ಮೆಟ್ಟಿಲಿಗೆ ಜ್ವರ ನೋಡ್ತಿದೀಯಾ?" ಅಕ್ಕ ಕೆಳಗಿನಿಂದ ಕೇಳಿದಳು. "ಕಾಲಿಟ್ರೆ ಸಾಕು, ನರಳುತ್ತೆ. ನೀನು ಬಂದಾಗ ಮಾತ್ರ ಬಾಯಿಗೆ ಬೀಗ."

ಬಡಗಿ ನಗಲಿಲ್ಲ. ಈ ಮನೆ ಎದ್ದು ಎರಡು ವರ್ಷ ತುಂಬಿಲ್ಲ. ಗೋಡೆ ಕಟ್ಟಿದ್ದು ಗಾರೆ ಕೆಲಸದ ಭಾವ, ಮೆಟ್ಟಿಲು ಮಾಡಿದ್ದು ತಾನು. ಮೊದಲ ಬೇಸಿಗೆಯಲ್ಲೇ ಕಾಲಿಡುವ ಹಲಗೆಗಳು ನಿಂತ ಹಲಗೆಗಳಿಂದ ಬಿಟ್ಟುಕೊಂಡವು. "ಗೋಡೆ ಕುಸೀತಿದೆ, ಮೆಟ್ಟಿಲನ್ನ ಎಳೀತಿದೆ" ಎಂದು ಅವನು ನೆಂಟರೆದುರು ಹೇಳಿಬಿಟ್ಟ. ಆ ಮಾತಿಗೆ ಕಾಲು ಬಂದು ಊರೆಲ್ಲ ಸುತ್ತಿತು. ಭಾವ ಎರಡು ಸಲ ಗಾರೆ ಕೆತ್ತಿ, ತೂಗುಗುಂಡು ಇಳಿಬಿಟ್ಟು ನೋಡಿದರು. ಗೋಡೆ ನೆಟ್ಟಗೇ ಇತ್ತು. ಆದರೆ ಸ್ವಂತ ಮನೆಯ ಗೋಡೆಯನ್ನೇ ನಿಲ್ಲಿಸಲಾರದವರನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಮೂವತ್ತು ವರ್ಷ ಹಿಡಿದ ಕರಣೆಯನ್ನು ಮೂಲೆಗಿಟ್ಟು, ಈಗ ಗೋದಾಮೊಂದರ ಗೇಟು ಕಾಯುತ್ತಾರೆ.

ಅಕ್ಕ ಬಟ್ಟೆ ಹಿಡಿದು ಹತ್ತಿ ಬಂದು ಸಂದಿಯ ದೂಳು ಒರೆಸಿದಳು. "ಇದೇನೋ, ಪೆನ್ಸಿಲಿನಲ್ಲಿ? ಒಂಬತ್ತೂವರೆ, ಒಂಬತ್ತು, ಒಂಬತ್ತು."

ಬಡಗಿ ಅಳತೆಪಟ್ಟಿ ಕೆಳಗಿಟ್ಟ. ಅವನ ಕಾರ್ಖಾನೆಯ ಪದ್ಧತಿ ಅದು: ಪ್ರತಿ ಸೋಮವಾರ ಹಲಗೆಯನ್ನು ತೂಗಿ, ಆಮೇಲೆ ಮರೆಯಾಗುವ ಅಂಚಿನಲ್ಲಿ ತೂಕ ಬರೆಯುವುದು. ಎರಡು ವಾರ ಒಂದೇ ತೂಕ ನಿಂತರೆ ಮರ ಒಣಗಿದೆ ಎಂದರ್ಥ. ಆಮೇಲೇ ಗರಗಸ. ಆದರೆ ಮನೆ ಕಟ್ಟುವಾಗ ಭಾವ ಮೊದಲು ಗೋಡೆ ಮುಗಿಸಿ, "ಏನಯ್ಯಾ, ನಾವು ಮಾಳಿಗೆಗೆ ಹಾರ್ಕೊಂಡು ಹೋಗ್ಬೇಕಾ?" ಎಂದು ಎಲ್ಲರ ಮುಂದೆ ನಕ್ಕಿದ್ದರು. ಆ ನಗು ಚುಚ್ಚಿತ್ತು.

"ಕೊನೇ ಒಂಬತ್ತು ಸುಳ್ಳು, ಅಕ್ಕ."

"ಅಂದ್ರೆ?"

"ತೂಗಲೇ ಇಲ್ಲ. ಸುಮ್ನೆ ಬರೆದೆ. ಹಲಗೆ ಹಸಿ ಇತ್ತು. ಮನೆಗೆ ಬಂದ್ಮೇಲೆ ಕುಗ್ಗಿದೆ. ಗೋಡೆದೇನೂ ತಪ್ಪಿಲ್ಲ."

ಒರೆಸುತ್ತಿದ್ದ ಕೈ ನಿಂತಿತು. "ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ ಸಂದಿ ಬಿಟ್ಟ ದಿನವೇ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಅವಳು ತಲೆಯೆತ್ತಿ ಮೇಲೆ ನೋಡಿದಳು. ಅವನೂ ನೋಡಿದ. ಭಾವ ಕಾವಲುಗಾರನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡ ಮುಖ.

ಭಾವ ಇಳಿದು ಬಂದರು. ಇಬ್ಬರೂ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಆರನೆಯ ಮೆಟ್ಟಿಲನ್ನು ಅವರು ತುಳಿಯಲಿಲ್ಲ, ದಾಟಿದರು. ನೋಡಿ ದಾಟಿದ್ದಲ್ಲ, ಕಾಲಿಗೆ ಅಷ್ಟು ರೂಢಿಯಾಗಿತ್ತು.

"ಭಾವ," ಬಡಗಿ ಹಿಂದೆಯೇ ಇಳಿದ. "ಎಲ್ಲ ಕಿತ್ತು ಹೊಸದು ಹಾಕ್ತೀನಿ. ಚೆನ್ನಾಗಿ ಒಣಗಿದ ಮರ ಇದೆ. ನೆಂಟರ ಮನೆಮನೆಗೂ ಹೋಗಿ ನಾನೇ ಹೇಳ್ತೀನಿ, ಗೋಡೆ ನೆಟ್ಟಗಿದೆ ಅಂತ. ನೀವು ಮತ್ತೆ ಕರಣೆ ಹಿಡೀರಿ."

ಭಾವ ಚಪ್ಪಲಿ ಮೆಟ್ಟಿಕೊಂಡರು. ಊಟದ ಡಬ್ಬಿ ಕೈಗೆತ್ತಿಕೊಂಡರು.

"ಗೋಡೆ ನೆಟ್ಟಗಿದೆ ಅಂತ ನಂಗೊತ್ತಿತ್ತು. ನೀನು ಹೇಳೋದು ಬೇಡ. ಹೊಸ ಮೆಟ್ಟಿಲೂ ಬೇಡ."